ಎ, ಆರ್, ಎಂ: ಯಾವ ಪ್ರೊಸೆಸರ್ ತಗೋಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ವಾರಕ್ಕೆ ಒಬ್ಬರಾದರೂ ಫೋನ್ ಮಾಡಿ ಕೇಳುತ್ತಾರೆ. ಕೆಲವರು ಫೈನಲ್ ಇಯರ್ ಪ್ರಾಜೆಕ್ಟಿನ ಹುಡುಗರು, ಕೆಲವರು ಪೀಣ್ಯದಲ್ಲಿ ಒಂದು ಶಟರ್ ಬಾಡಿಗೆಗೆ ಹಿಡಿದು ಕಂಟ್ರೋಲ್ ಪ್ಯಾನೆಲ್ ಮಾಡುವವರು, ಇನ್ನು ಕೆಲವರು ಐಟಿ ಕೆಲಸದಲ್ಲಿದ್ದು ರಜಾದಿನ ಊರಿನ ತೋಟಕ್ಕೆ ಏನೋ ಕಟ್ಟುವವರು. ಪ್ರಶ್ನೆ ಮಾತ್ರ ಅದೇ. ಹೇಳಿದ್ದನ್ನೇ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ಹೆಚ್ಚಿನದು ಆರ್ಮ್ ಪ್ರೊಸೆಸರುಗಳ ಬಗ್ಗೆ, ಯಾಕಂದರೆ ನಾನು ದಿನಾ ಕೈ ಹಾಕುವುದು ಅದಕ್ಕೇ.

ಕಾರ್ಟೆಕ್ಸ್-ಎ, ಆರ್, ಎಂ ಅಂತಾರಲ್ಲ, ಏನದು?

ಆರ್ಮ್ ಕಂಪನಿ ಕೋರ್ (ಪ್ರೊಸೆಸರಿನ ಲೆಕ್ಕ ಮಾಡುವ ಮೂಲ ಭಾಗ) ಡಿಸೈನ್ ಮಾಡಿ, ಕಾರ್ಟೆಕ್ಸ್ ಅಂತ ಹೆಸರಿಟ್ಟು ಲೈಸೆನ್ಸ್ ಕೊಡುತ್ತದೆ. ಎಸ್‌ಟಿ, ಎನ್‌ಎಕ್ಸ್‌ಪಿ, ಟಿಐ, ರೆನೆಸಾಸ್ ಥರದವರು ಆ ಕೋರಿನ ಸುತ್ತ ಮೆಮೊರಿ, ಟೈಮರ್, ಎಡಿಸಿ (ವೋಲ್ಟೇಜನ್ನು ಸಂಖ್ಯೆಯಾಗಿಸುವ ಭಾಗ) ಎಲ್ಲ ಜೋಡಿಸಿ ಚಿಪ್ ಮಾಡಿ ಮಾರುತ್ತಾರೆ. ಕೋರಿನ ಹೆಸರಲ್ಲಿ ಎ ಇದ್ದರೆ ಅಪ್ಲಿಕೇಶನ್: ಫೋನು, ಟಿವಿ, ರಾಸ್ಪ್‌ಬೆರಿ ಪೈ, ಅಂದರೆ ಲಿನಕ್ಸ್ ಅಥವಾ ಆಂಡ್ರಾಯ್ಡ್ ಓಡುವ ಜಾಗ. ಆರ್ ಅಂದರೆ ರಿಯಲ್-ಟೈಮ್: ಬ್ರೇಕು, ಹಾರ್ಡ್ ಡಿಸ್ಕು, ಮೋಡೆಮ್ಮು. ಎಂ ಅಂದರೆ ಮೈಕ್ರೋಕಂಟ್ರೋಲರ್: ಮಿಕ್ಕಿದ್ದೆಲ್ಲ. ಮೂರೂ ಅಕ್ಷರ ಸೇರಿಸಿ ಓದಿದರೆ ಕಂಪನಿಯ ಹೆಸರೇ ಬರುತ್ತದೆ, ಅದು ಕಾಕತಾಳೀಯ ಅಲ್ಲ.

ಒಂದು ಕೆಳಗೆ, ಒಂದು ಮೇಲೆ ಅಂತ ಇದನ್ನು ಮೆಟ್ಟಿಲ ಹಾಗೆ ನೋಡಬೇಡಿ. ನಿಮ್ಮ ಜೇಬಲ್ಲಿರುವ ಫೋನಿನಲ್ಲಿ ಮೂರೂ ಇರಬಹುದು. ಆಂಡ್ರಾಯ್ಡ್ ಓಡಿಸಲು ಎ, ಟವರ್ ಜೊತೆ ಮಾತಾಡುವ ಮೋಡೆಮ್ಮಿಗೆ ಆರ್, ಸೆನ್ಸರ್ ನೋಡಿಕೊಳ್ಳಲು ಎಂ.

ಮೊದಲು ಏನು ನೋಡಬೇಕು? ಎಷ್ಟು ಮೆಗಾಹರ್ಟ್ಸ್ ಅಂತಾನಾ?

ಅಲ್ಲ. ಮೆಗಾಹರ್ಟ್ಸ್ ಕೊನೆಗೆ ನೋಡಿ. ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ: ಎಷ್ಟು ತಡವಾದರೆ ಪರವಾಗಿಲ್ಲ? ಅದಕ್ಕಿಂತ ತಡವಾದರೆ ಏನು ಕೆಡುತ್ತದೆ?

ಊರ ಕಡೆಯ ಪಂಪ್‌ಸೆಟ್ ಸ್ಟಾರ್ಟರ್ ತಗೊಳ್ಳಿ. ಮೂರು ಫೇಸಿನಲ್ಲಿ ಒಂದು ಹೋಯಿತು. ಮೋಟರ್ ಸುಡುವ ಮೊದಲು ಕಾಂಟ್ಯಾಕ್ಟರ್ (ಮೋಟರಿಗೆ ಕರೆಂಟ್ ಕೊಡುವ ಸ್ವಿಚ್) ಬಿಡಿಸಬೇಕು. ಒಂದು ಸೆಕೆಂಡಿನಲ್ಲಿ ಬಿಡಿಸುತ್ತೀರಿ ಅಂದುಕೊಳ್ಳಿ. ನಮಗೆ ಒಂದು ಸೆಕೆಂಡ್ ಅಂದರೆ ಏನೂ ಅಲ್ಲ, ಆದರೆ 48 ಮೆಗಾಹರ್ಟ್ಸ್ ಓಡುವ ಪುಟ್ಟ ಚಿಪ್ಪಿಗೆ ಅದು 4.8 ಕೋಟಿ ಸೈಕಲ್, ಅಂದರೆ ಅದರ ಕ್ಲಾಕಿನ ಅಷ್ಟು ಬಡಿತ. ಅಷ್ಟರಲ್ಲಿ ಅದು ಒಂದು ನಿದ್ದೆ ಮಾಡಿ ಎದ್ದಿರುತ್ತದೆ.

ಈಗ ಎಲೆಕ್ಟ್ರಿಕ್ ಸ್ಕೂಟರಿನ ಮೋಟರ್ ಕಂಟ್ರೋಲರ್ ನೋಡಿ. ಕರೆಂಟ್ ಲೂಪ್ 20 ಕಿಲೋಹರ್ಟ್ಸ್ ಅಂದರೆ ಪ್ರತಿ 50 ಮೈಕ್ರೋಸೆಕೆಂಡಿಗೆ ಎಡಿಸಿ ಓದಿ, ಲೆಕ್ಕ ಹಾಕಿ, ಪಿಡಬ್ಲ್ಯುಎಂ (ಮೋಟರಿಗೆ ಹೋಗುವ ಪಲ್ಸಿನ ಅಗಲ) ಬದಲಿಸಬೇಕು. ಕೆಲವು ಸಲ ತಪ್ಪಿದರೂ ಮಾಸ್ಫೆಟ್ (ಮೋಟರಿನ ಕರೆಂಟ್ ಆನ್-ಆಫ್ ಮಾಡುವ ಟ್ರಾನ್ಸಿಸ್ಟರ್) ಢಂ ಅನ್ನಬಹುದು. 168 ಮೆಗಾಹರ್ಟ್ಸಿನ ಕಾರ್ಟೆಕ್ಸ್-ಎಂ4 ಆದರೆ 50 ಮೈಕ್ರೋಸೆಕೆಂಡಿನಲ್ಲಿ 8,400 ಸೈಕಲ್ ಸಿಗುತ್ತದೆ. ಸಾಕು, ಧಾರಾಳವಾಗಿ ಸಾಕು. ನೋಡಿ, ಎರಡೂ ಕಡೆ ಗಿಗಾಹರ್ಟ್ಸ್ ಅನ್ನೋ ಮಾತೇ ಬರಲಿಲ್ಲ.

ಎ ಕೋರ್ 1 ಗಿಗಾಹರ್ಟ್ಸ್ ಓಡುತ್ತೆ. ಅಷ್ಟು ಫಾಸ್ಟ್ ಇರೋದು ರಿಯಲ್-ಟೈಮ್ ಯಾಕಾಗಲ್ಲ?

ಸರಾಸರಿಯಲ್ಲಿ ಫಾಸ್ಟ್ ಇರುವುದು ಬೇರೆ, ಪ್ರತಿ ಸಲವೂ ಹೇಳಿದ ಹೊತ್ತಿಗೆ ಮುಗಿಸುವುದು ಬೇರೆ.

ನಾನೇ ಟೇಬಲ್ ಮೇಲೆ ನೋಡಿದ್ದು ಹೇಳುತ್ತೇನೆ. ಒಂದು ಲಿನಕ್ಸ್ ಬೋರ್ಡಿನಲ್ಲಿ ಸಣ್ಣ ಸಿ ಪ್ರೋಗ್ರಾಂ ಬರೆದು ಒಂದು ಪಿನ್ನನ್ನು 1 ಮಿಲಿಸೆಕೆಂಡಿಗೊಮ್ಮೆ ಮೇಲೆ ಕೆಳಗೆ ಮಾಡಿಸಿದೆ. ಆಸಿಲೋಸ್ಕೋಪಿನಲ್ಲಿ ಚೌಕ ಚೌಕ ಅಲೆ, ನೋಡಲು ಚಂದ. ಅಂಚು ಮಾತ್ರ ಸ್ವಲ್ಪ ನಡುಗುತ್ತಿತ್ತು, ಹತ್ತಾರು ಮೈಕ್ರೋಸೆಕೆಂಡ್ ಅಷ್ಟೇ. ಆಮೇಲೆ ಇನ್ನೊಂದು ಟರ್ಮಿನಲ್ ತೆಗೆದು ದೊಡ್ಡ ಫೈಲ್ ಕಾಪಿಗೆ ಹಾಕಿದೆ. ಅಲೆ ರಬ್ಬರ್ ಬ್ಯಾಂಡಿನ ಹಾಗೆ ಎಳೆದಾಡಿತು, ನಡುವೆ ಒಂದೊಂದು ಪಲ್ಸ್ ಮಿಲಿಸೆಕೆಂಡುಗಟ್ಟಲೆ ತಡ. ಪಕ್ಕದಲ್ಲಿದ್ದ 72 ಮೆಗಾಹರ್ಟ್ಸಿನ ಎಂ3 ಬೋರ್ಡು ಅದೇ ಕೆಲಸವನ್ನು ಟೈಮರ್ ಇಂಟರಪ್ಟಿನಲ್ಲಿ (ನಡೆಯುತ್ತಿರುವ ಕೆಲಸ ತಡೆದು ಕೋರನ್ನು ಕರೆಯುವ ಸಿಗ್ನಲ್) ಕದಲದೆ ಮಾಡುತ್ತಿತ್ತು.

ಯಾಕೆ ಹೀಗೆ? ಎ ಕೋರಿನ ವೇಗವೆಲ್ಲ ಊಹೆಯ ಮೇಲೆ ನಿಂತಿದೆ. ಕ್ಯಾಶಿನಲ್ಲಿ (ದುಡ್ಡಿನ ಕ್ಯಾಶ್ ಅಲ್ಲ, ಕೋರಿನ ಪಕ್ಕದ ಪುಟ್ಟ ವೇಗದ ಮೆಮೊರಿ) ಡೇಟಾ ಇದ್ದರೆ ಕೆಲವೇ ಸೈಕಲ್, ಇಲ್ಲದಿದ್ದರೆ ಹೊರಗಿನ ಡಿಡಿಆರ್ ಮೆಮೊರಿ ತನಕ ಹೋಗಿ ಬರಬೇಕು, ನೂರಾರು ಸೈಕಲ್. ಕೋಡು ಮುಂದೆ ಯಾವ ಕಡೆ ಹೋಗುತ್ತದೆ ಅನ್ನುವ ಬ್ರಾಂಚ್ ಊಹೆ ತಪ್ಪಿದರೆ, ಸಾಲಾಗಿ ಅರ್ಧ ಆದ ಇನ್‌ಸ್ಟ್ರಕ್ಷನ್ನುಗಳಿರುವ ಪೈಪ್‌ಲೈನ್ ಖಾಲಿ ಮಾಡಿ ಮತ್ತೆ ತುಂಬಬೇಕು. ಎಂಎಂಯು (ಮೆಮೊರಿ ನೋಡಿಕೊಳ್ಳುವ ಭಾಗ) ಪ್ರೋಗ್ರಾಮಿನ ವಿಳಾಸವನ್ನು ನಿಜವಾದ ಮೆಮೊರಿ ವಿಳಾಸಕ್ಕೆ ಬದಲಿಸುವಾಗ ತನ್ನ ಪುಟ್ಟ ಪಟ್ಟಿ ಟಿಎಲ್‌ಬಿಯಲ್ಲಿ ಸಿಗದಿದ್ದರೆ ಮೆಮೊರಿಯಲ್ಲಿರುವ ದೊಡ್ಡ ಪಟ್ಟಿ ಪೇಜ್ ಟೇಬಲ್ ಹುಡುಕಬೇಕು. ಇದರ ಮೇಲೆ ಯಾವ ಪ್ರೋಗ್ರಾಮಿಗೆ ಸರದಿ ಅಂತ ಹೇಳುವ ಲಿನಕ್ಸ್ ಶೆಡ್ಯೂಲರ್ ಬೇರೆ. ಇವೆಲ್ಲ ಒಟ್ಟಿಗೆ ಕೈಕೊಡುವುದು ಅಪರೂಪ, ಆದರೆ ರಿಯಲ್-ಟೈಮ್ ಲೆಕ್ಕದಲ್ಲಿ ಬೇಕಿರುವುದು ಆ ಅಪರೂಪದ ದಿನದ ಸಂಖ್ಯೆಯೇ.

ಲಿನಕ್ಸನ್ನು ರಿಯಲ್-ಟೈಮ್ ಮಾಡುವ ಪ್ರೀಎಂಪ್ಟ್-ಆರ್‌ಟಿ ಹಾಕಿದರೆ?

ತುಂಬಾ ಸುಧಾರಿಸುತ್ತದೆ. ಸುಮಾರು 20 ವರ್ಷ ಪ್ಯಾಚ್ ಆಗಿಯೇ ಇದ್ದ ಅದು 2024ರಲ್ಲಿ 6.12ನೇ ಕರ್ನಲ್ ಹೊತ್ತಿಗೆ ಮೂಲ ಲಿನಕ್ಸಿನೊಳಗೆ ಸೇರಿತು. 1 ಮಿಲಿಸೆಕೆಂಡಿನ ಕಂಟ್ರೋಲ್ ಲೂಪ್ ಇದ್ದರೆ, ಬೋರ್ಡನ್ನು ದಿನಗಟ್ಟಲೆ ಲೋಡ್ ಹಾಕಿ ಅಳೆದು ನೋಡಿ ಬಳಸಬಹುದು. 50 ಮೈಕ್ರೋಸೆಕೆಂಡಿನ ಲೂಪಿಗೆ ಬೇಡ.

ಹಾಗಾದರೆ ಎಂನಲ್ಲಿ ಇಂಟರಪ್ಟ್ ಎಷ್ಟು ಬೇಗ ಬರುತ್ತೆ?

ಎಂ3, ಎಂ4ರಲ್ಲಿ 12 ಸೈಕಲ್. ಎಂ0+ನಲ್ಲಿ 15. 72 ಮೆಗಾಹರ್ಟ್ಸಿಗೆ 12 ಸೈಕಲ್ ಅಂದರೆ ಸುಮಾರು 167 ನ್ಯಾನೋಸೆಕೆಂಡ್.

ಈ 12 ಸೈಕಲ್‌ನಲ್ಲಿ ಏನಾಗುತ್ತದೆ ಅನ್ನುವುದೇ ನನಗೆ ಎಂ ಮೇಲೆ ಪ್ರೀತಿ ಹುಟ್ಟಿಸಿದ್ದು. ಎಂಟು ರಿಜಿಸ್ಟರುಗಳನ್ನು (ಕೋರಿನೊಳಗೆ ಲೆಕ್ಕದ ಸಂಖ್ಯೆ ಇಡುವ ಜಾಗ) ಹಾರ್ಡ್‌ವೇರೇ ಮೆಮೊರಿಯ ಸ್ಟ್ಯಾಕಿಗೆ ತಳ್ಳುತ್ತದೆ, ಅದೇ ಹೊತ್ತಿಗೆ ವೆಕ್ಟರ್ ಟೇಬಲಿನಿಂದ ನಿಮ್ಮ ಫಂಕ್ಷನ್ನಿನ ವಿಳಾಸ ಎತ್ತಿಕೊಳ್ಳುತ್ತದೆ. ಹಾಗಾಗಿ ಇಂಟರಪ್ಟ್ ಹ್ಯಾಂಡ್ಲರ್ ಸಾದಾ ಸಿ ಫಂಕ್ಷನ್. ಅಸೆಂಬ್ಲಿ ಒಂದು ಸಾಲೂ ಬೇಡ. ಒಂದು ಹ್ಯಾಂಡ್ಲರ್ ಮುಗಿಯುವಾಗ ಇನ್ನೊಂದು ಇಂಟರಪ್ಟ್ ಕಾಯುತ್ತಿದ್ದರೆ, ರಿಜಿಸ್ಟರು ತೆಗೆದು ಮತ್ತೆ ತುಂಬುವ ಕೆಲಸ ಬಿಟ್ಟು ಎಂ3 ನೇರ 6 ಸೈಕಲ್‌ನಲ್ಲಿ ಅದಕ್ಕೆ ಹಾರುತ್ತದೆ. ಹಳೆಯ ಆರ್ಮ್7 ಕೋರಿನಲ್ಲಿ ಇದನ್ನೆಲ್ಲ ಕೈಯಾರೆ ಬರೆದವರಿಗೆ ಇದರ ಬೆಲೆ ಗೊತ್ತು.

ಒಂದು ಕೊಕ್ಕೆ ಇದೆ. 12 ಅನ್ನುವುದು ಮೆಮೊರಿ ಕಾಯಿಸದೆ ಕೊಟ್ಟರೆ ಮಾತ್ರ. ಎಸ್‌ಟಿಯ ಎಂ3 ಚಿಪ್ ಎಸ್‌ಟಿಎಂ32ಎಫ್103 ಅನ್ನು 72 ಮೆಗಾಹರ್ಟ್ಸಿನಲ್ಲಿ ಓಡಿಸಿದರೆ ಪ್ರೋಗ್ರಾಂ ಇರುವ ಫ್ಲ್ಯಾಶ್ ಮೆಮೊರಿ 2 ವೇಯ್ಟ್ ಸ್ಟೇಟ್ (ಕಾಯುವ ಸೈಕಲ್) ಕೇಳುತ್ತದೆ, 168 ಮೆಗಾಹರ್ಟ್ಸಿನ ಎಫ್407 ಆದರೆ 5. ತೀರಾ ಬಿಗಿ ಇರುವ ಹ್ಯಾಂಡ್ಲರನ್ನು ರ‍್ಯಾಮಿಗೆ ಹಾಕಿ ಓಡಿಸಿ, ಆಮೇಲೆ ಒಂದು ಪಿನ್ ಎತ್ತಿಳಿಸಿ ಸ್ಕೋಪಿನಲ್ಲಿ ಅಳೆಯಿರಿ. ಡೇಟಾಶೀಟ್ ನಂಬಿ ಕೂರಬೇಡಿ.

ಎಂನಲ್ಲೇ ಎಷ್ಟೊಂದು ನಂಬರು! ಎಂ0+, ಎಂ3, ಎಂ4, ಎಂ7, ಎಂ33...

ಬಟನ್, ರಿಲೇ, ಒಂದೆರಡು ಸೆನ್ಸರ್ ಅಂದರೆ ಎಂ0+. ಅದರಲ್ಲಿ ಭಾಗಾಕಾರದ ಇನ್‌ಸ್ಟ್ರಕ್ಷನ್ ಇಲ್ಲ, ಲೈಬ್ರರಿ ಮಾಡಿಕೊಳ್ಳುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಹೊಸ ಡಿಸೈನಿಗೆ ಎಂ3 ಯಾಕೆ ಅಂತ ನನಗೆ ಗೊತ್ತಾಗುವುದಿಲ್ಲ, ಕೈಯಲ್ಲಿ ಸ್ಟಾಕ್ ಇದ್ದರೆ ಸರಿ.

ಮೋಟರ್, ಆಡಿಯೋ, ಫಿಲ್ಟರ್ ಅಂದರೆ ಎಂ4. ಸಿಗ್ನಲ್ ಲೆಕ್ಕಕ್ಕೆ ಡಿಎಸ್‌ಪಿ ಇನ್‌ಸ್ಟ್ರಕ್ಷನ್ ಇದೆ, ಬೇಕಾದರೆ ದಶಾಂಶದ ಲೆಕ್ಕಕ್ಕೆ ಎಫ್‌ಪಿಯು (ಫ್ಲೋಟಿಂಗ್ ಪಾಯಿಂಟ್ ಯೂನಿಟ್) ಇರುವ ಚಿಪ್ ಸಿಗುತ್ತದೆ. ಆದರೆ ಅದು ಸಿಂಗಲ್ ಪ್ರಿಸಿಷನ್ (32 ಬಿಟ್) ಮಾತ್ರ. ಸಿ ಕೋಡಿನಲ್ಲಿ ಸುಮ್ನೆ 3.14 ಅಂತ ಬರೆದರೆ ಕಂಪೈಲರ್ ಅದನ್ನು ಡಬಲ್ (64 ಬಿಟ್) ಅಂತ ತಿಳಿಯುತ್ತದೆ, ಲೆಕ್ಕವೆಲ್ಲ ಸಾಫ್ಟ್‌ವೇರಿಗೆ ಬೀಳುತ್ತದೆ, ನೀವು ದುಡ್ಡು ಕೊಟ್ಟು ತಂದ ಎಫ್‌ಪಿಯು ಸುಮ್ಮನೆ ಕೂತಿರುತ್ತದೆ. ಕೊನೆಗೊಂದು ಎಫ್ ಅಕ್ಷರ ಸೇರಿಸಬೇಕು. ನಾನು ನೋಡಿದ 'ಎಂ4 ಸ್ಲೋ ಇದೆ' ದೂರುಗಳಲ್ಲಿ ಅರ್ಧ ಇದೇ.

ಎಂ7 ಅಂದರೆ ಎಂ ಮನೆಯಲ್ಲಿ ಹುಟ್ಟಿದ ಅರ್ಧ ಎ. ಒಂದೇ ಸಲಕ್ಕೆ ಎರಡು ಇನ್‌ಸ್ಟ್ರಕ್ಷನ್ ಹೊರಡಿಸುತ್ತದೆ, ಕ್ಯಾಶ್ ಇದೆ. ಎನ್‌ಎಕ್ಸ್‌ಪಿಯ ಐ.ಎಂಎಕ್ಸ್ ಆರ್‌ಟಿ1062 ಇದನ್ನು 600 ಮೆಗಾಹರ್ಟ್ಸಿಗೆ ಓಡಿಸುತ್ತದೆ, ಟೀನ್ಸಿ 4.0 ಬೋರ್ಡಿನಲ್ಲಿ ಇರುವುದು ಅದೇ. ಕ್ಯಾಶ್ ಬಂತು ಅಂದರೆ ಕ್ಯಾಶಿನ ರಗಳೆಯೂ ಬಂತು. ನಾನು ಮೂರು ದಿನ ತಲೆ ಕೆರೆದುಕೊಂಡಿದ್ದೇನೆ: ಡಿಎಂಎ (ಕೋರಿನ ಕೈ ಇಲ್ಲದೆ ಡೇಟಾ ಸಾಗಿಸುವ ಭಾಗ) ಎಡಿಸಿಯಿಂದ ಹೊಸ ಸ್ಯಾಂಪಲ್ ತಂದು ಬಫರಿಗೆ ಹಾಕುತ್ತಿತ್ತು, ನನ್ನ ಕೋಡು ಮಾತ್ರ ಕ್ಯಾಶಿನಲ್ಲಿದ್ದ ಹಳೆಯ ಸ್ಯಾಂಪಲನ್ನೇ ಓದುತ್ತಿತ್ತು. ಡಿಬಗ್ಗರಿನಲ್ಲಿ ಮೆಮೊರಿ ತೆಗೆದು ನೋಡಿದರೆ ಎಲ್ಲ ಸರಿ! ಕೊನೆಗೆ ಬಫರನ್ನು 32 ಬೈಟಿಗೆ ಅಲೈನ್ ಮಾಡಿ, ಓದುವ ಮೊದಲು ಕ್ಯಾಶ್ ಇನ್‌ವ್ಯಾಲಿಡೇಟ್ (ಹಳೆಯದನ್ನು ರದ್ದು) ಮಾಡಿದ ಮೇಲೆ ನಿದ್ದೆ ಬಂತು. ಬಿಗಿ ಟೈಮಿಂಗ್ ಬೇಕಾದ ಕೋಡನ್ನು ಅದರ ಟಿಸಿಎಂನಲ್ಲಿ ಇಡಿ. ಅದು ಕೋರಿಗೆ ಅಂಟಿಕೊಂಡಿರುವ ಮೆಮೊರಿ, ಕ್ಯಾಶಿನ ಹಂಗಿಲ್ಲ.

ಎಂ33 ಹೊಸ ತಲೆಮಾರು. ಎಂ4ರ ಜಾಗಕ್ಕೆ ಬರುತ್ತಿದೆ, ಟ್ರಸ್ಟ್‌ಝೋನ್ (ಗುಟ್ಟಿನ ಕೋಡನ್ನು ಬೇರೆಯಾಗಿ ಕಾಯುವ ವ್ಯವಸ್ಥೆ) ಸೇರಿಸಬಹುದು. ಇಂದು ಶುರು ಮಾಡುವವರು ಇದನ್ನೇ ನೋಡಿ.

ಆರ್ ಅನ್ನು ಯಾರೂ ಬಳಸಲ್ಲ ಅಲ್ವಾ? ಎಲ್ಲೂ ಬೋರ್ಡೇ ಕಾಣಲ್ಲ.

ನೀವು ದಿನಾ ಬಳಸುತ್ತೀರಿ, ಕಾಣುವುದಿಲ್ಲ ಅಷ್ಟೇ. ಹಾರ್ಡ್ ಡಿಸ್ಕಿನ, ಎಸ್‌ಎಸ್‌ಡಿಯ ಕಂಟ್ರೋಲರ್ ಒಳಗೆ, ಕಾರಿನ ಬ್ರೇಕಿನ ಒಳಗೆ ಕೂತಿರುತ್ತದೆ. ಎಂಗಿಂತ ಜಾಸ್ತಿ ವೇಗ ಬೇಕು, ಎ ಥರ ನೆಪ ಹೇಳಬಾರದು ಅನ್ನುವ ಕಡೆ ಇದು. ಎಂಎಂಯು ಬದಲು ಎಂಪಿಯು. ಅದು ವಿಳಾಸ ಬದಲಿಸುವುದಿಲ್ಲ, ಈ ಜಾಗ ಮುಟ್ಟಬಹುದು, ಇದು ಮುಟ್ಟಬಾರದು ಅಂತ ಮಾತ್ರ ಹೇಳುತ್ತದೆ, ಹಾಗಾಗಿ ಸಮಯ ಏರುಪೇರಾಗುವುದಿಲ್ಲ. ಟಿಸಿಎಂ ಇರುತ್ತದೆ, ಮೆಮೊರಿಗೆ ಇಸಿಸಿ (ಬಿಟ್ ತಪ್ಪಿದರೆ ಹಿಡಿದು ಸರಿಪಡಿಸುವ ವ್ಯವಸ್ಥೆ) ಇರುತ್ತದೆ.

ಇದರ ನಿಜವಾದ ಗುಣ ಲಾಕ್‌ಸ್ಟೆಪ್. ಟಿಐನ ಟಿಎಂಎಸ್570 ಚಿಪ್ಪಿನಲ್ಲಿ ಎರಡು ಆರ್ ಕೋರ್ ಇವೆ, ಆದರೆ ಎರಡು ಕೆಲಸ ಮಾಡುವುದಿಲ್ಲ. ಎರಡೂ ಒಂದೇ ಪ್ರೋಗ್ರಾಂ ಓಡಿಸುತ್ತವೆ, ಎರಡನೆಯದು ಒಂದೆರಡು ಸೈಕಲ್ ಹಿಂದೆ. ಹೊರಬರುವ ಉತ್ತರವನ್ನು ಪಕ್ಕದ ಸರ್ಕ್ಯೂಟ್ ಪ್ರತಿ ಸೈಕಲ್ಲೂ ಹೋಲಿಸುತ್ತದೆ. ತಾಳೆಯಾಗದಿದ್ದರೆ ಎರರ್ ಸಿಗ್ನಲ್. ಸಿಲಿಕಾನಿನ ಮೇಲೆ ಎರಡನೇ ಕೋರನ್ನು ತಿರುಗಿಸಿ ಕೂರಿಸಿದ್ದಾರೆ. ಒಂದೇ ಏಟು ಎರಡಕ್ಕೂ ಒಂದೇ ಥರ ತಾಗಬಾರದು ಅಂತ. ಆಡಿಟರ್ ಬಂದು ಕಾರಿನ ಸುರಕ್ಷತೆಯ ಐಎಸ್‌ಒ 26262 ಪ್ರಕಾರ ಅತಿ ಕಟ್ಟುನಿಟ್ಟಿನ ಎಎಸ್‌ಐಎಲ್-ಡಿ ಮಟ್ಟ ತೋರಿಸಿ ಅನ್ನುವವರಿಗೆ ಇದು ಬೇಕು. ಅಂಥ ಆಡಿಟರ್ ನಿಮ್ಮ ಮನೆ ಬಾಗಿಲಿಗೆ ಬರುವುದಿಲ್ಲ ಅಂದರೆ ಆರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ನನಗೆ ಟಚ್‌ಸ್ಕ್ರೀನೂ ಬೇಕು, ಇಂಟರ್‌ನೆಟ್ಟೂ ಬೇಕು, ಟೈಮಿಂಗೂ ಬೇಕು. ಏನು ಮಾಡಲಿ?

ಲಿನಕ್ಸಿನ ಕೋರು, ಟೈಮಿಂಗಿನ ಕೋರು ಎರಡೂ ಇರುವ ಚಿಪ್ ಸಿಗುತ್ತವೆ. ಎಸ್‌ಟಿಎಂ32ಎಂಪಿ157ರಲ್ಲಿ ಎರಡು ಎ7, ಜೊತೆಗೆ ಒಂದು ಎಂ4. ಟಿಐನ ಎಎಂ64 ಸಾಲಿನಲ್ಲಿ ಎ53, ಆರ್5, ಎಂ4 ಮೂರೂ ಇವೆ. ಬೀಗಲ್‌ಬೋನ್ ಬ್ಲ್ಯಾಕ್‌ನಲ್ಲಿ ಎ8 ಪಕ್ಕ ಪಿಆರ್‌ಯು ಅಂತ ಎರಡು ಪುಟ್ಟ 200 ಮೆಗಾಹರ್ಟ್ಸ್ ಕೋರ್ ಇವೆ, ಒಂದು ಇನ್‌ಸ್ಟ್ರಕ್ಷನ್ನಿಗೆ 5 ನ್ಯಾನೋಸೆಕೆಂಡ್, ಕರಾರುವಾಕ್ಕು.

ಆದರೂ ಸಣ್ಣ ಸಂಖ್ಯೆಯಲ್ಲಿ ಮಾಡುವವರಿಗೆ ನನ್ನ ಮಾತು: ಎರಡು ಚಿಪ್ ಹಾಕಿ. ಲಿನಕ್ಸ್ ಬೋರ್ಡು ಒಂದು, ಎಂ ಬೋರ್ಡು ಒಂದು, ನಡುವೆ ಮಾತಾಡಲು ಯುಎಆರ್‌ಟಿ (ಸೀರಿಯಲ್ ಪೋರ್ಟ್) ಎರಡು ತಂತಿ. ಲಿನಕ್ಸ್ ಹ್ಯಾಂಗ್ ಆದರೂ ಎಂ ತನ್ನ ಕೆಲಸ ಮಾಡುತ್ತಿರಬೇಕು.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಸ್ನೇಹಿತರೊಬ್ಬರ ತೋಟದ ಪಂಪಿಗೆ ಎಲ್ಲವನ್ನೂ ಒಂದೇ ಲಿನಕ್ಸ್ ಬೋರ್ಡಿನಲ್ಲಿ ಮಾಡಿಕೊಟ್ಟಿದ್ದೆ. ಕ್ಯಾಮೆರಾ, ಮೊಬೈಲ್ ಆ್ಯಪ್, ಮೂರೂ ಫೇಸ್ ಕರೆಂಟ್ ಇದೆಯಾ ನೋಡುವುದು ಎಲ್ಲ ಅದರಲ್ಲೇ. ಬೆಂಗಳೂರಿನ ಮೇಜಿನ ಮೇಲೆ ಎರಡು ತಿಂಗಳು ಅಲುಗದೆ ಓಡಿತ್ತು. ತೋಟದಲ್ಲಿ ತ್ರೀ ಫೇಸ್ ಬರುವುದೇ ದಿನಕ್ಕೆ ಕೆಲವು ಗಂಟೆ, ಅದೂ ಹೋಗಿ ಬಂದು, ಹೋಗಿ ಬಂದು. ಬರೆಯುತ್ತಿರುವಾಗಲೇ ಕರೆಂಟ್ ಹೋಗಿ ಮೂರನೇ ವಾರಕ್ಕೆ ಎಸ್‌ಡಿ ಕಾರ್ಡ್ ಕೆಟ್ಟಿತು. ಬೋರ್ಡು ಬೂಟ್ ಆಗಲಿಲ್ಲ, ಪಂಪ್ ಸ್ಟಾರ್ಟ್ ಆಗಲಿಲ್ಲ. "ಏನ್ರೀ, ನಿಮ್ಮ ಕಂಪ್ಯೂಟರ್‌ಗಿಂತ ನಮ್ಮ ಹಳೇ ಸ್ಟಾರ್ಟರ್ರೇ ವಾಸಿ" ಅಂದರು. ಸುಳ್ಳಲ್ಲವಲ್ಲ! ಈಗ ಅಲ್ಲಿ ಪಂಪ್ ನೋಡಿಕೊಳ್ಳುವುದು ಒಂದು ಎಂ0+. ಕರೆಂಟ್ ಬಂದ ಕೆಲವೇ ಮಿಲಿಸೆಕೆಂಡಿಗೆ ಎದ್ದು ಕೂರುತ್ತದೆ. ಕ್ಯಾಮೆರಾದ ಲಿನಕ್ಸ್ ಬೋರ್ಡು ಪಕ್ಕದಲ್ಲಿದೆ, ಅದು ಆಗಾಗ ಸಾಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಬ್ಯಾಟರಿ ಎಷ್ಟು ದಿನ ಬರುತ್ತೆ?

ಲೆಕ್ಕ ಹಾಕಿ. ಸಿಆರ್2032 ನಾಣ್ಯದ ಸೆಲ್ ಸುಮಾರು 220 ಮಿಲಿಆಂಪ್-ಅವರ್. ಎಂ ಚಿಪ್ ನಿದ್ದೆಯೂ ಸೇರಿ ಸರಾಸರಿ 10 ಮೈಕ್ರೋಆಂಪ್ ಎಳೆದರೆ 22,000 ಗಂಟೆ, ಎರಡೂವರೆ ವರ್ಷ. 3 ವ್ಯಾಟ್ ಎಳೆಯುವ ಲಿನಕ್ಸ್ ಬೋರ್ಡನ್ನು 10,000 ಮಿಲಿಆಂಪ್-ಅವರಿನ ಪವರ್ ಬ್ಯಾಂಕಿಗೆ ಹಾಕಿದರೆ ಒಳಗಿರುವುದು 37 ವ್ಯಾಟ್-ಅವರ್, ಅಂದರೆ ಹನ್ನೆರಡು ಗಂಟೆಯೂ ಕಷ್ಟ. ಎಂ ಬಳಸುವವರೂ ಜೋಪಾನ: ಚಿಪ್ ಮಲಗಿದ್ದರೂ ಬೋರ್ಡಿನ ಪವರ್ ಎಲ್‌ಇಡಿ ಮಲಗುವುದಿಲ್ಲ.

ಸ್ವಂತ ಪಿಸಿಬಿ ಮಾಡಿಸೋದಾದರೆ ವ್ಯತ್ಯಾಸ ಇದೆಯಾ?

ಭೂಮಿ ಆಕಾಶದಷ್ಟು. ಎಂ ಚಿಪ್ಪಿಗೆ ಎರಡು ಲೇಯರ್ ಬೋರ್ಡು, 3.3 ವೋಲ್ಟ್, ನಾಲ್ಕು ಕೆಪಾಸಿಟರ್ ಸಾಕು, ಕೈಯಲ್ಲೇ ಬೆಸುಗೆ ಹಾಕಬಹುದು. ಎ ಚಿಪ್ ಸಾಮಾನ್ಯವಾಗಿ ಬಿಜಿಎ, ಕಾಲುಗಳು ಹೊಟ್ಟೆಯ ಕೆಳಗೆ. ಹೊರಗೆ ಡಿಡಿಆರ್, ಅದರ ಗೆರೆಗಳ ಉದ್ದ ಹೊಂದಿಸಬೇಕು, ಹಲವು ವೋಲ್ಟೇಜುಗಳು ಸರಿಯಾದ ಕ್ರಮದಲ್ಲಿ ಬರಬೇಕು, ಲೇಯರ್ ಜಾಸ್ತಿ. ಎ ಬೇಕೇ ಬೇಕು ಅಂದರೆ ಡಿಡಿಆರ್ ಹಾಕಿಯೇ ಬರುವ ಮಾಡ್ಯೂಲ್ ತಗೊಂಡು ನಿಮ್ಮ ಸಾದಾ ಬೋರ್ಡಿನ ಮೇಲೆ ಕೂರಿಸಿ.

ಆರ್‌ಟಿಒಎಸ್ (ರಿಯಲ್-ಟೈಮ್ ಆಪರೇಟಿಂಗ್ ಸಿಸ್ಟಂ) ಹಾಕಿಬಿಟ್ಟರೆ ರಿಯಲ್-ಟೈಮ್ ಆಯ್ತಲ್ವಾ?

ಆಗಲಿಲ್ಲ. 1997ರಲ್ಲಿ ಮಂಗಳ ಗ್ರಹಕ್ಕೆ ಇಳಿದ ನಾಸಾದ ಪಾತ್‌ಫೈಂಡರಿನಲ್ಲಿ ವಿಎಕ್ಸ್‌ವರ್ಕ್ಸ್ ಇತ್ತು, ಹೆಸರಾಂತ ಆರ್‌ಟಿಒಎಸ್. ಆದರೂ ಅಲ್ಲಿ ಕೂತು ರೀಸೆಟ್ ಆಗತೊಡಗಿತು. ಕಡಿಮೆ ಪ್ರಯಾರಿಟಿಯ ಹವಾಮಾನ ಟಾಸ್ಕ್ ಒಂದು ಬೀಗ ಹಿಡಿದಿತ್ತು. ಅದೇ ಬೀಗ ಅತಿ ಮುಖ್ಯ ಟಾಸ್ಕಿಗೂ ಬೇಕು. ನಡುವಿನ ಪ್ರಯಾರಿಟಿಯವು ಬಂದು ಹವಾಮಾನದ ಟಾಸ್ಕನ್ನು ಓಡಲು ಬಿಡಲಿಲ್ಲ, ಅದು ಬೀಗ ಬಿಡಲಿಲ್ಲ, ಮುಖ್ಯವಾದದ್ದು ಕಾದು ಕೂತಿತು, ಕಾವಲು ಟೈಮರ್ ವಾಚ್‌ಡಾಗ್ ಎಲ್ಲವನ್ನೂ ರೀಸೆಟ್ ಮಾಡಿತು. ಪ್ರಯಾರಿಟಿ ಇನ್‌ಹೆರಿಟೆನ್ಸ್ (ಬೀಗ ಹಿಡಿದ ಟಾಸ್ಕಿಗೆ ಕಾಯುತ್ತಿರುವ ಟಾಸ್ಕಿನ ಪ್ರಯಾರಿಟಿ ಕೊಡುವುದು) ಅನ್ನುವ ಒಂದು ಆಯ್ಕೆಯನ್ನು ಭೂಮಿಯಿಂದಲೇ ಆನ್ ಮಾಡಿ ಸರಿಪಡಿಸಿದರು. ಫ್ರೀಆರ್‌ಟಿಒಎಸ್‌ನಲ್ಲೂ ಅದೇ ಕಥೆ: ಮ್ಯೂಟೆಕ್ಸ್ ಅನ್ನುವ ಬೀಗದಲ್ಲಿ ಇನ್‌ಹೆರಿಟೆನ್ಸ್ ಇದೆ, ಬೈನರಿ ಸೆಮಾಫೋರ್ ಅನ್ನುವುದರಲ್ಲಿ ಇಲ್ಲ. ಎರಡೂ ಒಂದೇ ಅಂದುಕೊಂಡು ಬಳಸುವವರು ಬಹಳ.

ರಿಸ್ಕ್-ಫೈವ್ ಬಂದಿದೆಯಲ್ಲ, ಆರ್ಮ್ ಕಲಿಯೋದು ವೇಸ್ಟಾ?

ವೇಸ್ಟಲ್ಲ. ಆರ್ಮ್‌ಗೆ ಪೈಪೋಟಿಯಾದ ರಿಸ್ಕ್-ಫೈವ್ 2010ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು, ಅದರ ಇನ್‌ಸ್ಟ್ರಕ್ಷನ್ ಸೆಟ್ಟಿಗೆ ಲೈಸೆನ್ಸ್ ಫೀಸಿಲ್ಲ. ನಮ್ಮಲ್ಲೂ ಐಐಟಿ ಮದ್ರಾಸಿನ ಶಕ್ತಿ, ಸಿ-ಡ್ಯಾಕ್‌ನ ವೇಗಾ ಅನ್ನುವ ಪ್ರೊಸೆಸರುಗಳು ಇದರ ಮೇಲೇ ಆಗಿವೆ. ಶಕ್ತಿಯಲ್ಲೂ ಎಂಬೆಡೆಡ್ಡಿಗೆ ಇ-ಕ್ಲಾಸ್, ಅದಕ್ಕಿಂತ ದೊಡ್ಡ ಕೆಲಸಕ್ಕೆ ಸಿ-ಕ್ಲಾಸ್ ಅಂತ ಬೇರೆ ಬೇರೆ ಇಟ್ಟಿದ್ದಾರೆ. ಅಂದರೆ ಇಲ್ಲಿ ಕೇಳಿದ ಪ್ರಶ್ನೆಗಳೆಲ್ಲ ಅಲ್ಲೂ ಹಾಗೇ ಇವೆ: ಎಂಎಂಯು ಇದೆಯಾ, ಕ್ಯಾಶ್ ಇದೆಯಾ, ಇಂಟರಪ್ಟಿಗೆ ಎಷ್ಟು ಸೈಕಲ್. ವೈಫೈ ಬೇಕಾದವರು ಇಎಸ್‌ಪಿ32-ಸಿ3 ತಗೊಂಡಾಗ ಅದು ರಿಸ್ಕ್-ಫೈವ್ ಅಂತ ಗಮನಿಸುವುದೂ ಇಲ್ಲ.

ಆರ್ಡುಯಿನೋ ಊನೋದ 8-ಬಿಟ್ ಸತ್ತುಹೋಯ್ತಾ?

ಇಲ್ಲ. 16 ಮೆಗಾಹರ್ಟ್ಸ್, 2 ಕೆಬಿ ರ‍್ಯಾಮ್, 5 ವೋಲ್ಟಿಗೆ ಅಂಜದ ಪಿನ್ನು. ಗಲೀಜು ಪ್ಯಾನೆಲ್ ಒಳಗೆ ಆ 5 ವೋಲ್ಟ್ ಈಗಲೂ ಒಳ್ಳೆಯದೇ.

ಕಲಿಯೋಕೆ ಯಾವ ಬೋರ್ಡು?

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿನಲ್ಲಿ ಕಣ್ಣಿಗೆ ಬೀಳುವ ನೀಲಿ ಬೋರ್ಡು, ಬ್ಲೂ ಪಿಲ್, ಅಗ್ಗ. ಆದರೆ ಮೇಲೆ ಎಸ್‌ಟಿ ಅಂತ ಬರೆದಿದ್ದರೂ ಒಳಗೆ ಬೇರೆ ಯಾರದೋ ತದ್ರೂಪು ಇರಬಹುದು. ಕಲಿಯುವವರಿಗೆ ತಪ್ಪು ತಮ್ಮದೋ ಚಿಪ್ಪಿನದೋ ಗೊತ್ತಾಗದೆ ಒದ್ದಾಟ.

ನಾನು ರಾಸ್ಪ್‌ಬೆರಿ ಪೈಯವರ ಪಿಕೋ ಬೋರ್ಡು ಹೇಳುತ್ತೇನೆ. ಮೊದಲ ಪಿಕೋದಲ್ಲಿ ಎರಡು ಎಂ0+, 264 ಕೆಬಿ ರ‍್ಯಾಮ್. ಪಿಕೋ 2ರ ಆರ್‌ಪಿ2350ಯಲ್ಲಿ ಎರಡು ಎಂ33 ಇವೆ, ಎರಡು ರಿಸ್ಕ್-ಫೈವ್ ಕೋರೂ ಇವೆ, ಯಾವುದು ಬೇಕೋ ಆರಿಸಿ ಬೂಟ್ ಮಾಡಬಹುದು. ಒಂದಲ್ಲ, ಎರಡು ಬೋರ್ಡು ತಗೊಳ್ಳಿ. ಒಂದಕ್ಕೆ ಡಿಬಗ್ ಪ್ರೋಬ್ ಫರ್ಮ್‌ವೇರ್ ಹಾಕಿ ಇನ್ನೊಂದರ ಎಸ್‌ಡಬ್ಲ್ಯುಡಿ (ಡಿಬಗ್ ಮಾಡುವ) ಪಿನ್ನುಗಳಿಗೆ ಕಟ್ಟಿದರೆ, ಪ್ರಿಂಟ್ ಹಾಕಿ ಹಾಕಿ ನೋಡುವ ಗೋಳಿಲ್ಲದೆ ಬ್ರೇಕ್‌ಪಾಯಿಂಟ್ ಇಟ್ಟು ಕೋರಿನ ರಿಜಿಸ್ಟರುಗಳನ್ನೇ ನೋಡಬಹುದು.